ಊರೆಲ್ಲ ಮಾತಾಡುವ ಮನುಷ್ಯನ ಹತ್ತಿರ ಕೂತು ಮಾತಾಡುವುದು ಹೇಗೆ?

ಕೊಡಗಿನ ಯಾವ ಊರಿಗೆ ಹೋದರೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಬಗ್ಗೆ ಊರೆಲ್ಲ ಮಾತಾಡುತ್ತದೆ. ಅವರ ಹತ್ತಿರ ಕೂತು ಯಾರೂ ಕೇಳಿರುವುದಿಲ್ಲ. ಹಿಂದೆ ಬೇಟೆಗೆ ಹೆಸರಾದವರು. ಸಾರಾಯಿ ಅಂಗಡಿ ನಡೆಸಿ ಮಕ್ಕಳನ್ನು ಓದಿಸಿದ ಹೆಂಗಸು. ಜಾತಿ ಬಿಟ್ಟು ಮದುವೆಯಾಗಿ, ಮನೆತನದ ಮೂಲ ಮನೆಯಾದ ಐನ್‌ಮನೆಯ ಹಬ್ಬಕ್ಕೆ ಹೋಗದೇ ಉಳಿದವರು. ಕೊಲೆ ಕೇಸಿನಲ್ಲಿ ಹೆಸರು ಬಂದು, ವರ್ಷಗಟ್ಟಲೆ ಕೋರ್ಟಿಗೆ ಅಲೆದು, ಖುಲಾಸೆಯಾದವರು. ಕಾಡಿನ ಹಕ್ಕು ಕೇಳಿ ಜೈಲು ಕಂಡ, ಹಾಡಿಯ (ಆದಿವಾಸಿಗಳ ಊರಿನ) ಮುಖಂಡರು. ತೋಟದ ಜೀತದಿಂದ ಓಡಿಹೋಗಿ, ಮುದಿವಯಸ್ಸಿಗೆ ಮತ್ತೆ ಊರಿಗೆ ಬಂದ ಅಜ್ಜ.

ಇಂಥವರ ಮಾತನ್ನು ದಾಖಲಿಸಬೇಕು ಅಂತ ಆಸೆಪಡುವ ಹುಡುಗ ಹುಡುಗಿಯರು ಈಗ ಜಾಸ್ತಿಯಾಗಿದ್ದಾರೆ. ಒಳ್ಳೆಯದೇ. ಈ ಬರಹ ಅವರಿಗಾಗಿ. ಒಂದು ವಿಷಯ ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನೀವು ಮಾತು ಮುಗಿಸಿ ಬಸ್ ಹತ್ತುತ್ತೀರಿ. ಅವರು ಮರುದಿನ ಅದೇ ಅಂಗಡಿಗೆ ಹಾಲು ತರಲು ಹೋಗಬೇಕು. ಕೆಳಗೆ ಹೇಳಿದ ಎಲ್ಲ ಹೆಜ್ಜೆಗಳೂ ಇದರಿಂದಲೇ ಹುಟ್ಟಿದವು.

ಬದುಕಿರುವಾಗಲೇ ಯಾಕೆ ಕೇಳಬೇಕು ಅನ್ನುವುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆ ಇದೆ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಬ್ರಿಟಿಷರು 1834ರಲ್ಲಿ ಪಟ್ಟದಿಂದ ಇಳಿಸಿದರು. ವೆಲ್ಲೂರು, ಕಾಶಿ ಅಂತ ದೂರ ಇಟ್ಟರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ಈಸ್ಟ್ ಇಂಡಿಯಾ ಕಂಪನಿ ಇಟ್ಟುಕೊಂಡಿದ್ದ ತನ್ನ ಹಣಕ್ಕಾಗಿ ಅಲ್ಲಿನ ಕೋರ್ಟಿನಲ್ಲಿ ದಾವೆ ಹಾಕಿದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಮಗಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತಳು. 1864ರಲ್ಲಿ ಅವಳೂ ಹೋದಳು. ರಾಜನ ಕ್ರೌರ್ಯದ ಕಥೆ ನಮಗೆಲ್ಲ ಗೊತ್ತು. ಅದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅವನ ಬಗ್ಗೆ ನಾವು ಓದುವುದರಲ್ಲಿ ಹೆಚ್ಚಿನದು ಅವನನ್ನು ಇಳಿಸಿದವರು ಬರೆದದ್ದು. ಗೌರಮ್ಮನ ಬಗ್ಗೆಯೂ ಅಷ್ಟೇ, ಹೆಚ್ಚಾಗಿ ಬೇರೆಯವರ ಪತ್ರ, ದಿನಚರಿಗಳೇ ಸಿಗುತ್ತವೆ. ತಾಯ್ನಾಡು ಬಿಟ್ಟು ಅಷ್ಟು ದೂರ ಹೋದ ಹುಡುಗಿಗೆ ಏನನ್ನಿಸಿತ್ತು ಅಂತ ಅವಳನ್ನೇ ಕೂರಿಸಿ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ಮೊದಲು: ನಿಮಗೆ ಏನು ಬೇಕು ಅಂತ ಬರೆದುಕೊಳ್ಳಿ

ಒಂದು ಹಾಳೆಯಲ್ಲಿ ಎರಡು ಸಾಲು ಸಾಕು. ‘ಆ ಕೊಲೆಯ ರಾತ್ರಿ ಏನಾಯ್ತು ಅಂತ ತಿಳಿಯಬೇಕು’ ಅಂತ ಬರೆದರೆ ಅಲ್ಲೇ ನಿಲ್ಲಿ. ಅದು ಪೊಲೀಸರ ಕೆಲಸ. ‘ಖುಲಾಸೆಯಾಗಿ ಬಂದ ಮೇಲೆ ಊರಿನಲ್ಲಿ ಮೂವತ್ತು ವರ್ಷ ಹೇಗೆ ಬದುಕಿದರು’ ಅಂತ ಬರೆದರೆ ಹೊರಡಬಹುದು. ವಿವಾದ ಒಂದು ದಿನದ್ದು ಅಥವಾ ಒಂದು ವರ್ಷದ್ದು. ಬದುಕು ಅದರ ಹಿಂದೆ ಮುಂದೆ ಎಷ್ಟೋ ಉದ್ದ ಇರುತ್ತದೆ. ಜನ ಬಾಯಿಬಿಡುವುದೂ ಅದರ ಬಗ್ಗೆಯೇ.

ಓದಿಕೊಂಡು ಹೋಗಿ

ಕೇಸು ನಡೆದಿದ್ದರೆ ತೀರ್ಪು ಓದಿ. ಈಚಿನದಾದರೆ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಸಿಗಬಹುದು. ಹಳೆಯದಾದರೆ ವಕೀಲರ ಮೂಲಕ ಪ್ರಮಾಣಿತ ನಕಲಿಗೆ ಅರ್ಜಿ ಹಾಕಿಸಬೇಕು. ಊರಿನವರು ‘ಅವನು ಜೈಲಿಗೆ ಹೋದವನು’ ಅನ್ನುತ್ತಾರೆ. ವಿಚಾರಣೆ ಮುಗಿಯುವವರೆಗೆ ಒಳಗಿದ್ದು ಖುಲಾಸೆಯಾದವರೂ ಇದರಲ್ಲಿ ಬರುತ್ತಾರೆ, ಶಿಕ್ಷೆ ಮುಗಿಸಿ ಬಂದವರೂ ಬರುತ್ತಾರೆ. ನಿಮಗೆ ಆ ವ್ಯತ್ಯಾಸ ಗೊತ್ತಿರಬೇಕು.

ಇನ್ನು ಕಾಲದ ಲೆಕ್ಕ. ಹುಲಿ ಹೊಡೆದವರನ್ನು ಮದುಮಗನ ಹಾಗೆ ಕೂರಿಸಿ ‘ನರಿ ಮಂಗಲ’ (ಕೊಡವರ ಮಾತಿನಲ್ಲಿ ನರಿ ಅಂದರೆ ಹುಲಿ) ಮಾಡುತ್ತಿದ್ದ ನಾಡು ಇದು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಿಮ್ಮೆದುರಿನ ಅಜ್ಜನ ಬೇಟೆ ಯಾವ ವರ್ಷದ್ದು ಅಂತ ತಿಳಿಯದೆ ‘ಅಪರಾಧಿ’ ಅನ್ನಬೇಡಿ, ‘ವೀರ’ ಅನ್ನಲೂ ಬೇಡಿ. ಜೀತ ಪದ್ಧತಿ ರದ್ದತಿ ಕಾಯ್ದೆ 1976ರದು. ತೋಟದಿಂದ ಓಡಿಹೋದವರ ಕಥೆ ಅದಕ್ಕಿಂತ ಹಿಂದಿನದೋ ನಂತರದ್ದೋ ಅನ್ನುವುದರ ಮೇಲೆ ಎಷ್ಟೋ ನಿಂತಿದೆ. ಕರ್ನಾಟಕದಲ್ಲಿ ಸಾರಾಯಿ ನಿಂತಿದ್ದು 2007ರ ಜುಲೈನಲ್ಲಿ. ಅಲ್ಲಿಯವರೆಗೆ ಲೈಸೆನ್ಸ್ ಇದ್ದ ಸಾರಾಯಿ ಅಂಗಡಿ ಸರ್ಕಾರವೇ ಹರಾಜು ಹಾಕಿ ಕೊಟ್ಟ ವ್ಯಾಪಾರ. ಅರಣ್ಯ ಹಕ್ಕು ಕಾಯ್ದೆ 2006ರದು. ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲು ಕೆಡವಿದ್ದು ಅದಾಗಿ ಹತ್ತು ವರ್ಷಕ್ಕೆ, 2016ರ ಡಿಸೆಂಬರ್‌ನಲ್ಲಿ. ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಪುನರ್ವಸತಿ ಆಯಿತು. ಆ ಹೋರಾಟದಲ್ಲಿ ಇದ್ದವರ ಹತ್ತಿರ ಹೋಗಿ ‘ದಿಡ್ಡಳ್ಳಿ ಅಂದ್ರೆ ಏನು?’ ಅಂತ ಕೇಳುವುದು ಅವಮಾನ ಮಾಡಿದ ಹಾಗೆ.

ಮನೆಯಲ್ಲಿ ಕೋವಿ ನೇತಾಡುತ್ತಿದ್ದರೆ ಹೊರಗಿನಿಂದ ಬಂದವರು ಬೆಚ್ಚಿಬೀಳುತ್ತಾರೆ. ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯವಾಗಿ ಬಂದ) ಭೂಮಿಯ ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದ ದಿನ ಅದಕ್ಕೆ ಹೂ ಇಟ್ಟು ಪೂಜೆ ಮಾಡುತ್ತಾರೆ. ಕೋವಿಯನ್ನೇ ಕಥೆ ಮಾಡಲು ಹೋಗಬೇಡಿ.

ಯಾರ ಜೊತೆ ಹೋಗುತ್ತೀರಿ?

ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಗೆಲ್ಲುತ್ತದೆ ಅಥವಾ ಕೆಡುತ್ತದೆ. ಕೊಡಗಿನಲ್ಲಿ ಮೊದಲ ಪ್ರಶ್ನೆ ‘ನಿಮ್ಮದು ಯಾವ ಮನೆ?’ ಅನ್ನುವುದು. ನೀವು ಯಾರು ಅನ್ನುವುದಕ್ಕಿಂತ ಯಾರ ಕಡೆಯವರು ಅನ್ನುವುದು ಅವರಿಗೆ ಮುಖ್ಯ. ಜೊತೆಗೆ ಬಂದವರ ಮುಖ ನೋಡಿಯೇ ಎಷ್ಟು ಹೇಳಬೇಕು ಅಂತ ತೀರ್ಮಾನ ಮಾಡುತ್ತಾರೆ.

ತೋಟದ ಕೂಲಿಯವರಿರುವ ಲೈನ್ ಮನೆಗೆ ತೋಟದ ರೈಟರ್ (ಲೆಕ್ಕ ಬರೆಯುವವರ) ಜೊತೆ ಹೋಗಬೇಡಿ. ಹಾಡಿಗೆ ಅರಣ್ಯ ಇಲಾಖೆಯ ವಾಚರ್ ಜೊತೆ ಹೋಗಬೇಡಿ. ಯಾವ ಪಾರ್ಟಿಯವರ ಜೀಪಿನಲ್ಲೂ ಹೋಗಬೇಡಿ. ಅವರು ಒಳ್ಳೆಯವರೇ ಇರಬಹುದು, ಆದರೆ ಕೂಲಿ, ಮನೆ, ಕಾಡಿನೊಳಗಿನ ಓಡಾಟ ಎಲ್ಲ ಯಾರ ಕೈಯಲ್ಲಿದೆಯೋ ಅವರೆದುರು ಯಾರೂ ಮನಬಿಚ್ಚಿ ಮಾತಾಡುವುದಿಲ್ಲ. ನಿವೃತ್ತ ಮೇಷ್ಟ್ರು, ಆಶಾ ಕಾರ್ಯಕರ್ತೆ, ಅಂಚೆಯವರು, ಅವರ ಜೊತೆಯಲ್ಲೇ ಬೆಳೆದ ಗೆಳೆಯರು, ಇಂಥವರು ಒಳ್ಳೆಯ ದಾರಿ. ಪರಿಚಯ ಮಾಡಿಸಿದ ಮೇಲೆ ಅವರೂ ಎದ್ದು ಹೋಗಬೇಕು. ಅದನ್ನು ಮೊದಲೇ ಮೆತ್ತಗೆ ಹೇಳಿಡಿ.

ಭಾಷೆಯ ವಿಷಯವೂ ಇದೇ. ಕೊಡವ ತಕ್ಕ್, ಅರೆಭಾಷೆ, ಯರವ, ಜೇನುಕುರುಬ, ಮಲಯಾಳಂ, ತುಳು, ತಮಿಳು, ಒಂದೇ ಬಸ್ಸಿನಲ್ಲಿ ಇಷ್ಟೂ ಕೇಳುತ್ತವೆ. ಕನ್ನಡದಲ್ಲಿ ಉತ್ತರ ಕೊಡಬಲ್ಲರು ಅಂತ ಕನ್ನಡದಲ್ಲೇ ಕೇಳಿದರೆ ಪಂಚಾಯಿತಿಗೆ ಕೊಡುವ ಹೇಳಿಕೆಯಂಥ ಉತ್ತರ ಬರುತ್ತದೆ. ಅವರ ಮಾತಿನಲ್ಲೇ ಹೇಳಲಿ, ರೆಕಾರ್ಡ್ ಆಗಲಿ. ಅರ್ಥ ಆಮೇಲೆ ಬಿಡಿಸಿಕೊಳ್ಳಬಹುದು. ಭಾಷೆ ಗೊತ್ತಿರುವವರು ಜೊತೆಗೆ ಬೇಕು ಅಂದರೆ ಬೇರೆ ಊರಿನವರನ್ನು ಹುಡುಕಿ.

ಮೊದಲ ಭೇಟಿಗೆ ಫೋನ್ ಜೇಬಿನಲ್ಲೇ ಇರಲಿ

ಸುಮ್ನೆ ಹೋಗಿ, ಕಾಫಿ ಕುಡಿದು, ನೀವು ಯಾರು, ಯಾಕೆ ಬಂದಿದ್ದೀರಿ, ಬರೆದದ್ದು ಎಲ್ಲಿ ಬರುತ್ತದೆ, ಯಾರು ಓದುತ್ತಾರೆ ಅಂತ ಹೇಳಿ ಬನ್ನಿ. ‘ಅಜ್ಜಾ, ನಿಮ್ಮ ಬದುಕಿನ ಬಗ್ಗೆ ಕೇಳಬೇಕು ಅಂತ ಬಂದೆ. ಆ ಗಲಾಟೆ ವಿಷಯವೂ ಅದರಲ್ಲಿ ಬರುತ್ತೆ. ನಿಮಗೆ ಬೇಡ ಅನ್ನಿಸಿದರೆ ಬೇಡ’ ಅಂತ ನೇರವಾಗಿ ಹೇಳಿಬಿಡಿ. ವಿವಾದದ ಸುದ್ದಿಯೇ ಎತ್ತದೆ ಹತ್ತಿರವಾಗಿ, ಮೂರನೇ ದಿನ ಮೆಲ್ಲಗೆ ಅದನ್ನು ತೆಗೆಯುವುದು ನಂಬಿಕೆದ್ರೋಹ. ಯೋಚನೆ ಮಾಡಲು ಒಂದು ವಾರ ಬಿಡಿ.

ಸಮಯ ನೋಡಿಕೊಳ್ಳಿ. ನವೆಂಬರ್‌ನಿಂದ ಫೆಬ್ರವರಿ ಮುಗಿಯುವವರೆಗೆ ಕಾಫಿ ಕೊಯ್ಲು, ಕಣದ ಕೆಲಸ, ನಡುವೆ ಸುಗ್ಗಿ ಹಬ್ಬ ಪುತ್ತರಿ. ಯಾರಿಗೂ ಬಿಡುವಿಲ್ಲ. ಕೈಲ್‌ಪೊಳ್ದ್ ಕಳೆದು ಕೊಯ್ಲು ಶುರುವಾಗುವ ಮೊದಲಿನ ವಾರಗಳು ಚೆನ್ನ, ಕಾವೇರಿ ಸಂಕ್ರಮಣದ ದಿನಗಳನ್ನು ಬಿಟ್ಟು. ಏಪ್ರಿಲ್, ಮೇ ಕೂಡ ಆಗುತ್ತದೆ. ಲೈನ್ ಮನೆಯವರ ಹತ್ತಿರ ಸಂತೆ ದಿನ ಹೋಗಬೇಡಿ, ವಾರದ ಸಾಮಾನು ತರುವ ದಿನ ಅದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಮನೆಮಠ ಕಳೆದುಕೊಂಡವರ ಹತ್ತಿರ ಜೋರು ಮಳೆಯ ದಿನ ಆ ಮಾತು ತೆಗೆಯಬೇಡಿ. ಹಾಗೆ ಕೇಳಿದರೆ ಅವತ್ತಿನ ರಾತ್ರಿ ಅವರಿಗೆ ನಿದ್ದೆ ಇರುವುದಿಲ್ಲ.

ಪ್ರಶ್ನೆ ಕೇಳುವುದು

‘ಯಾಕೆ’ ಅನ್ನುವ ಪ್ರಶ್ನೆಯನ್ನು ಆದಷ್ಟು ದೂರ ಇಡಿ. ‘ಯಾಕೆ ಹೀಗೆ ಮಾಡಿದ್ರಿ?’ ಅಂದರೆ ಮನುಷ್ಯ ಕಟಕಟೆಯಲ್ಲಿ ನಿಂತುಬಿಡುತ್ತಾನೆ. ವರ್ಷಗಳಿಂದ ತಯಾರಾಗಿಟ್ಟುಕೊಂಡ ಉತ್ತರವನ್ನೇ ಕೊಡುತ್ತಾನೆ. ‘ಅವತ್ತು ಬೆಳಿಗ್ಗೆ ಏನು ಮಾಡ್ತಿದ್ರಿ?’, ‘ಸುದ್ದಿ ಯಾರು ತಂದರು?’, ‘ಮನೆಯಲ್ಲಿ ಯಾರ್ಯಾರಿದ್ದರು?’ ಅಂತ ಕೇಳಿ. ಕಣ್ಣಿಗೆ ಕಂಡದ್ದು, ಕೈಯಿಂದ ಮಾಡಿದ್ದು ಹೇಳುತ್ತಾ ಹೋದ ಹಾಗೆ ‘ಯಾಕೆ’ ಅನ್ನುವುದು ತಾನಾಗಿ ಬರುತ್ತದೆ.

ದಕ್ಷಿಣ ಕೊಡಗಿನ ಒಬ್ಬ ಅಜ್ಜನ ಮಾತು ಹೇಳುತ್ತೇನೆ. ಬೇಟೆಗೆ ಹೆಸರಾದವರು. ‘ಎಷ್ಟು ಹೊಡೆದಿದ್ದೀರಿ?’ ಅಂತ ಬಂದವರೆಲ್ಲ ಕೇಳಿದ್ದಾರೆ, ಅವರೂ ಅದೇ ಲೆಕ್ಕ ಹೇಳುತ್ತಾ ಬಂದಿದ್ದಾರೆ. ನಾನು ಬೇಟೆಯ ಹಿಂದಿನ ರಾತ್ರಿ ಮನೆಯಲ್ಲಿ ಏನು ಊಟ ಅಂತ ಕೇಳಿದೆ. ಸ್ವಲ್ಪ ಹೊತ್ತು ಜಗಲಿಯ ಕಂಬ ನೋಡಿದರು. ಆಮೇಲೆ ಶುರುವಾಯಿತು. ಅತ್ತೆ ಬಾಳೆ ಎಲೆಯಲ್ಲಿ ಕಟ್ಟಿಕೊಡುತ್ತಿದ್ದ ಅಕ್ಕಿ ರೊಟ್ಟಿ. ಮಾತೇ ಆಡದ ಅಪ್ಪ. ಸಂಜೆಯಿಂದಲೇ ಕಟ್ಟಿ ಹಾಕಿದ ನಾಯಿಗಳ ಹೆಸರು ಒಂದೊಂದಾಗಿ. ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಲು ಒಂದು ಚಿಟಿಕೆ ಬೂದಿ ಹಾರಿಸುತ್ತಿದ್ದುದನ್ನು ಎರಡು ಬೆರಳು ಎತ್ತಿ ತೋರಿಸಿದರು. ಮುಂದೆ ಪೊದೆ ಬಡಿಯುತ್ತಾ ಹೋಗುವ ಯರವ ಆಳುಗಳ ಕೈಯಲ್ಲಿ ಕೋವಿ ಇರುತ್ತಿರಲಿಲ್ಲ, ಬರೀ ದೊಣ್ಣೆ. ಅವರಲ್ಲಿ ಒಬ್ಬನನ್ನು ಕಾಡುಹಂದಿ ತೊಡೆಗೆ ಸೀಳಿತು. ಅವನ ಹೆಸರು ಹೇಳಿದರು. ಹೇಳಿ ನಿಲ್ಲಿಸಿದರು. ಆ ಹೆಸರು ಊರಿನ ಯಾವ ಬೇಟೆ ಕಥೆಯಲ್ಲೂ ನಾನು ಕೇಳಿರಲಿಲ್ಲ.

ನಿಲ್ಲಿಸಿದಾಗ ನೀವೂ ಸುಮ್ಮನಿರಿ. ಮೌನ ತುಂಬಲು ಇನ್ನೊಂದು ಪ್ರಶ್ನೆ ಹಾಕಬೇಡಿ. ‘ಹೌದಾ, ಪಾಪ’ ಅಂತಲೂ ಅನ್ನಬೇಡಿ. ಅವರು ಮುಂದುವರಿಸುತ್ತಾರೆ, ಇಲ್ಲವೇ ‘ಇನ್ನೊಂದು ಕಾಫಿ ಕುಡೀತೀರಾ?’ ಅಂತ ಎದ್ದೇಳುತ್ತಾರೆ. ಎದ್ದರೆ ಆ ವಿಷಯ ಇವತ್ತಿಗೆ ಮುಗಿಯಿತು.

ಕಷ್ಟದ ಪ್ರಶ್ನೆಯನ್ನು ಬಿಟ್ಟುಬಿಡಬಾರದು. ಅದನ್ನು ಕೇಳದೆ ಬಂದರೆ ಅದು ಅವರ ಸ್ತುತಿ ಮಾತ್ರ ಆಗುತ್ತದೆ. ಅದಕ್ಕೆ ಜಾಗ ಎರಡನೇ ಅಥವಾ ಮೂರನೇ ಭೇಟಿಯ ನಡುವೆ. ಕೊನೆಗೆ ಇಡಬೇಡಿ, ಕೇಳಿ ಓಡಿಹೋದ ಹಾಗಾಗುತ್ತದೆ. ‘ಊರಿನಲ್ಲಿ ಹೀಗೆ ಹೇಳ್ತಾರೆ, ನೀವು ಏನು ಹೇಳ್ತೀರಿ?’ ಅಂದರೆ ಸಾಕು. ಯಾರು ಹೇಳಿದ್ದು ಅಂತ ಮಾತ್ರ ಬಾಯಿಬಿಡಬೇಡಿ.

ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿದರೆ? ವಾದಕ್ಕೆ ಇಳಿಯಬೇಡಿ. ‘ತೀರ್ಪಿನಲ್ಲಿ ಬೇರೆ ಥರ ಇದೆ, ಅದು ಹೇಗೆ?’ ಅಂತ ಒಂದು ಸಲ ಕೇಳಿ, ಉತ್ತರ ಬರೆದುಕೊಳ್ಳಿ. ಬರೆಯುವಾಗ ಎರಡನ್ನೂ ಪಕ್ಕಪಕ್ಕ ಇಡಿ.

ಅವರಿಂದ ನೊಂದವರು ಇದ್ದರೆ

ಇಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಮಾತಾಡಿಸುತ್ತಾ ಆಡಿಸುತ್ತಾ ಎದುರಿನವರ ಮೇಲೆ ಪ್ರೀತಿ ಬಂದುಬಿಡುತ್ತದೆ. ಕಾಫಿ ಕೊಟ್ಟಿದ್ದಾರೆ, ಕರಿಮೆಣಸು ಕಟ್ಟಿಕೊಟ್ಟಿದ್ದಾರೆ, ಮೊಮ್ಮಗುವನ್ನು ನಿಮ್ಮ ತೊಡೆ ಮೇಲೆ ಕೂರಿಸಿದ್ದಾರೆ. ಆದರೆ ಅವರು ಜೀತಕ್ಕೆ ಇಟ್ಟುಕೊಂಡಿದ್ದ ಮನೆಯ ಮಕ್ಕಳು ಎರಡು ಮೈಲಿ ಆಚೆ ಇದ್ದಾರೆ. ಅವರಲ್ಲಿಗೂ ಹೋಗಿ. ಮಾತಾಡಲು ಇಷ್ಟವಿಲ್ಲ ಅಂದರೆ ಒತ್ತಾಯ ಬೇಡ. ಆದರೆ ಬರೆಯುವ ಮೊದಲು ‘ಅವರ ಬಗ್ಗೆ ಬರೀತಿದ್ದೀನಿ’ ಅಂತ ತಿಳಿಸಲೇಬೇಕು. ಪತ್ರಿಕೆಯಲ್ಲಿ ನೋಡಿ ಗೊತ್ತಾಗುವ ಹಾಗೆ ಮಾಡಬೇಡಿ.

2015ರ ನವೆಂಬರ್‌ನಲ್ಲಿ ಮಡಿಕೇರಿಯಲ್ಲಿ ಟಿಪ್ಪು ಜಯಂತಿ ವೇಳೆ ಆದಂಥ ಗಲಾಟೆಯ ವಿಷಯವಾದರೆ ಇನ್ನೂ ಎಚ್ಚರ ಬೇಕು. ಎರಡೂ ಕಡೆಯವರನ್ನು ಕೇಳಿ. ಒಂದು ಕಡೆಯ ಮಾತನ್ನು ಇನ್ನೊಂದು ಕಡೆಗೆ ಒಯ್ಯಬೇಡಿ, ‘ಅವರು ಹೀಗಂದ್ರು’ ಅಂತ ಕೆಣಕಿ ಉತ್ತರ ಹೊರಡಿಸಬೇಡಿ.

ಹಣ, ಕುಡಿತ

ಕಥೆಗೆ ದುಡ್ಡು ಕೊಡಬೇಡಿ. ಆದರೆ ಕೂಲಿಯವರನ್ನು ಕೆಲಸದ ದಿನ ಕೂರಿಸಿಕೊಂಡರೆ ಆ ದಿನದ ಕೂಲಿ ಕೊಡಲೇಬೇಕು. ಅದು ಅವರ ಸಮಯದ ಬೆಲೆ. ಮೊದಲೇ ಹೇಳಿ ಕೊಡಿ, ಒಳ್ಳೆಯ ಮಾತು ಬಂದಾಗ ಕೊಡಬೇಡಿ.

ಸಂಜೆಯಾದರೆ ಅನೇಕ ಮನೆಗಳಲ್ಲಿ ಗ್ಲಾಸು ಬರುತ್ತದೆ. ಗ್ಲಾಸು ಬಂದ ಕೂಡಲೇ ರೆಕಾರ್ಡಿಂಗ್ ನಿಲ್ಲಿಸಿ. ಕುಡಿದ ಮೇಲೆ ಹೇಳಿದ್ದನ್ನು ಬಳಸಬೇಡಿ. ಅದು ಬೇಕೇಬೇಕು ಅಂದರೆ ಮರುದಿನ ಬೆಳಿಗ್ಗೆ ಹೋಗಿ, ‘ನಿನ್ನೆ ಹೀಗೆ ಹೇಳಿದ್ರಿ, ಬರೀಬಹುದಾ?’ ಅಂತ ಕೇಳಿ.

ರೆಕಾರ್ಡಿಂಗ್

ಫೋನ್ ಸಾಕು. ಏರೋಪ್ಲೇನ್ ಮೋಡ್‌ಗೆ ಹಾಕಿ, ಅವರ ಬಾಯಿಂದ ಒಂದಡಿ ದೂರದಲ್ಲಿ, ಮಡಿಸಿದ ಟವೆಲ್ ಮೇಲೆ ಇಡಿ. ಸ್ಟೀಲ್ ಲೋಟ ಇಡುವ ಮೇಜಿನ ಮೇಲೆ ನೇರ ಇಟ್ಟರೆ ಸದ್ದೇ ಜಾಸ್ತಿ. ಶೀಟ್ ಮನೆಯಲ್ಲಿ ಮಳೆ ಬಂದರೆ ಏನೂ ಕೇಳುವುದಿಲ್ಲ, ಆಗ ಬರೆದುಕೊಳ್ಳಿ. ಕತ್ತಲಾದ ಮೇಲೆ ಜೀರುಂಡೆ ಸದ್ದು ಮಾತನ್ನು ನುಂಗುತ್ತದೆ. ಅದೇ ದಿನ ಎರಡು ಕಡೆ ಕಾಪಿ ಮಾಡಿಡಿ. ಹಳೆಯ ಫೋಟೋಗಳನ್ನು ‘ಸ್ಕ್ಯಾನ್ ಮಾಡಿ ತರ್ತೀನಿ’ ಅಂತ ಒಯ್ಯಬೇಡಿ. ಜಗಲಿಯ ನೆರಳಿನಲ್ಲಿ ಇಟ್ಟು ಅಲ್ಲೇ ಫೋಟೋ ತೆಗೆದುಕೊಳ್ಳಿ.

ಒಪ್ಪಿಗೆ ಮತ್ತು ಕಾನೂನು

ರೆಕಾರ್ಡ್ ಮಾಡುವ ಮೊದಲು ಮೂರು ಬೇರೆ ಬೇರೆ ಪ್ರಶ್ನೆ: ರೆಕಾರ್ಡ್ ಮಾಡಬಹುದಾ? ಬರೆಯಬಹುದಾ? ಹೆಸರು ಹಾಕಬಹುದಾ? ಮೊದಲನೆಯದಕ್ಕೆ ಹೂಂ ಅಂದವರು ಮೂರನೆಯದಕ್ಕೆ ಬೇಡ ಅನ್ನಬಹುದು. ಉತ್ತರವನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿಕೊಳ್ಳಿ.

ಕೊಲೆ ಕೇಸಿನಲ್ಲಿ ಶಿಕ್ಷೆಯಾಗಿ ಜೈಲಿನಲ್ಲಿದ್ದ ತಮಿಳುನಾಡಿನ ಆಟೋ ಶಂಕರ್‌ನ ಆತ್ಮಕಥೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಕೊಟ್ಟ ತೀರ್ಪು ನಿಮಗೆ ಗೊತ್ತಿರಲಿ. ಕೋರ್ಟಿನ ಕಡತದಂಥ ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಒಪ್ಪಿಗೆ ಇಲ್ಲದೆಯೂ ಪ್ರಕಟಿಸಬಹುದು. ಮದುವೆ, ಸಂಸಾರ, ಮಕ್ಕಳ ವಿಷಯದಂಥ ಖಾಸಗಿ ಸಂಗತಿಗೆ ಒಪ್ಪಿಗೆ ಬೇಕು. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಿಟ್ಟುಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಜೈಲಾಗಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದರೆ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಅದಕ್ಕೇ ‘ನೀವು ಏನು ಹೇಳಿದರೂ ನನ್ನಲ್ಲೇ ಇರುತ್ತೆ’ ಅಂತ ಯಾರಿಗೂ ಮಾತು ಕೊಡಬೇಡಿ. ‘ಇನ್ನೂ ಕೋರ್ಟಿನಲ್ಲಿರುವ ವಿಷಯ, ಪೊಲೀಸರಿಗೆ ಗೊತ್ತಿಲ್ಲದ ವಿಷಯ ನನ್ನ ಹತ್ತಿರ ಹೇಳಬೇಡಿ’ ಅಂತ ಶುರುವಿನಲ್ಲೇ ಹೇಳಿ.

ಪಟ್ಟಾಳದಿಂದ (ಸೈನ್ಯದಿಂದ) ನಿವೃತ್ತರಾಗಿ ಬಂದವರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ನಿವೃತ್ತಿಯಾದ ಮೇಲೂ ಅವರನ್ನು ಬಿಡುವುದಿಲ್ಲ. ಎಲ್ಲಿ, ಯಾವ ಆಯುಧ ಅಂತ ಕೆದಕಬೇಡಿ. ಚಳಿ, ಹಸಿವು, ಊರಿನಿಂದ ಬಂದ ಪತ್ರ, ಇದರ ಬಗ್ಗೆ ಕೇಳಿ.

ಹೆಸರು ಮುಚ್ಚಿಡುವುದು

ಬೆಂಗಳೂರಿನಲ್ಲಿ ಹೆಸರು ಬದಲಿಸಿದರೆ ಸಾಕಾಗಬಹುದು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ ಚಿಲ್ಲರೆ. ‘ನಾಪೋಕ್ಲು ಕಡೆಯ, ಪಟ್ಟಾಳದಲ್ಲಿದ್ದು ಬಂದ, ಇಬ್ಬರು ಹೆಣ್ಣುಮಕ್ಕಳ ತಂದೆ, ಹೊಳೆ ಬದಿಯ ಮನೆ’ ಅಂತ ಬರೆದರೆ ಹೆಸರು ಹಾಕುವ ಅಗತ್ಯವೇ ಇಲ್ಲ, ಎಲ್ಲರಿಗೂ ತಿಳಿಯಿತು. ಮನೆ ಹೆಸರು, ಊರು, ಹೊಳೆ, ರೆಜಿಮೆಂಟ್, ಮಕ್ಕಳ ಲೆಕ್ಕ, ಮನೆಯ ಫೋಟೋ ಎಲ್ಲ ತೆಗೆಯಿರಿ. ಸುಳ್ಳು ವಿವರ ತುಂಬಬೇಡಿ, ಆ ಸುಳ್ಳು ವಿವರ ಹೊಂದುವ ಇನ್ನೊಬ್ಬರು ಇದ್ದೇ ಇರುತ್ತಾರೆ. ಬರೆದದ್ದನ್ನು ಅದೇ ನಾಡಿನ, ಈ ವಿಷಯ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಡಿ. ಅವರು ‘ಇದು ಇಂಥವರಲ್ವಾ?’ ಅಂದರೆ ಇನ್ನೂ ತೆಗೆಯಬೇಕು.

ಓದಿ ಹೇಳಿ

ಅಚ್ಚಿಗೆ ಹೋಗುವ ಮೊದಲು ಅವರ ಮುಂದೆ ಕೂತು ಪೂರ್ತಿ ಓದಿ. ವಾಟ್ಸಾಪ್‌ನಲ್ಲಿ ಕಳಿಸಬೇಡಿ, ಒಂದು ಗಂಟೆಯಲ್ಲಿ ಊರಿಡೀ ಸುತ್ತುತ್ತದೆ. ತಪ್ಪು ಇದ್ದರೆ ತಿದ್ದಿ. ‘ಇದು ಬೇಡ’ ಅಂದದ್ದು ಅವರ ಸ್ವಂತ ಬದುಕಿನದಾದರೆ ತೆಗೆಯಿರಿ. ಬೇರೆಯವರಿಗೆ ಆದ ಅನ್ಯಾಯದ ಮಾತಾದರೆ, ಅದಕ್ಕೆ ನಿಮ್ಮಲ್ಲಿ ದಾಖಲೆ ಇದ್ದರೆ, ‘ಇದು ಇರುತ್ತೆ ಅಜ್ಜಾ, ನಿಮ್ಮ ಉತ್ತರವನ್ನೂ ಹಾಕ್ತೀನಿ’ ಅಂತ ಎದುರಿಗೇ ಹೇಳಿ. ಸಿಟ್ಟು ಮಾಡಿಕೊಳ್ಳಬಹುದು. ಆದರೂ ಇದನ್ನು ನಿಮ್ಮ ಬಾಯಿಂದಲೇ ಕೇಳುವುದು ಅವರ ಹಕ್ಕು.

ಪ್ರಕಟವಾದ ಮೇಲೆ ಎರಡು ಪ್ರತಿ ಒಯ್ದು ಕೊಡಿ, ರೆಕಾರ್ಡಿಂಗನ್ನು ಪೆನ್‌ಡ್ರೈವ್‌ಗೆ ಹಾಕಿ ಅದನ್ನೂ ಕೊಡಿ. ಯಾರ ಕೈಗೆ ಕೊಡಬೇಕು ಅಂತ ಅವರನ್ನೇ ಕೇಳಿ. ಮಗನಿಗೆ ಬೇಡ, ಮೊಮ್ಮಗಳಿಗೆ ಕೊಡು ಅನ್ನುವವರು ಎಷ್ಟೋ ಜನ ಇದ್ದಾರೆ. ಒಂದು ತಿಂಗಳು ಬಿಟ್ಟು ಫೋನ್ ಮಾಡಿ, ಊರಿನಲ್ಲಿ ಯಾರಾದರೂ ಏನಾದರೂ ಅಂದರಾ ಅಂತ ವಿಚಾರಿಸಿ. ತೊಂದರೆ ಆಗಿದ್ದರೆ ಆನ್‌ಲೈನ್‌ನಲ್ಲಿರುವ ಪ್ರತಿಯನ್ನು ಅವತ್ತೇ ಇಳಿಸಿ, ಏನು ಬದಲಿಸಬೇಕು ಅನ್ನುವುದನ್ನು ಅವರ ಜೊತೆ ಕೂತು ನೋಡಿ.